ಹನ್ನೊಂದು ಅಪ್ಪಂದಿರ ಒಂದೇ ಕೆಮ್ಮು

ನವೆಂಬರ್ 4, ಮಂಗಳವಾರ

ಸ್ವಸ್ತಿ ಶ್ರೀ! ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ನೆರಳು ಬೀಳದಷ್ಟು ದೂರದಲ್ಲಿರುವ ಸರ್ಕಾರಿ ಪದವಿ ಕಾಲೇಜಿನ ಕ್ಯಾಂಟೀನ್ ಚಕ್ರವರ್ತಿಯೂ, ಮಂಡಕ್ಕಿ ಮಿರ್ಚಿಯ ಪರಮಭಕ್ತನೂ, ಮೂರನೇ ಬಿ.ಎ. ಹಿಂದಿನ ಬೆಂಚಿನ ಏಕಮಾತ್ರ ವಾರಸುದಾರನೂ, ಇಪ್ಪತ್ತೊಂದನೇ ವಯಸ್ಸಿಗೇ ಹನ್ನೊಂದು ಮಕ್ಕಳ ತಂದೆಯೂ, ಆದರೂ ಅವಿವಾಹಿತನೂ ಆದ ಜುಂಜೇಶನೆಂಬ ನಾನು, ಸೂರ್ಯಚಂದ್ರರು ಇರುವವರೆಗೆ, ಅಥವಾ ಈ ಇನ್ನೂರು ಪುಟದ ನೋಟ್‌ಬುಕ್ ಮುಗಿಯುವವರೆಗೆ ಬಾಳಲೆಂದು ನನಗೆ ನಾನೇ ಬರೆಸಿಕೊಂಡ ಶಾಸನವಿದು. ಇದನ್ನು ಕದ್ದು ಓದಿದವರಿಗೆ ಏಳೇಳು ಜನ್ಮದಲ್ಲೂ ಇಂಟರ್ನಲ್ಸ್‌ನಲ್ಲಿ ಸೊನ್ನೆ ಬೀಳಲಿ.

ವಿಷಯಕ್ಕೆ ಬರುತ್ತೇನೆ. ಇವತ್ತು ಸಿಕ್ಕಿಬಿದ್ದೆ.

ನಮ್ಮ ಕಾಲೇಜಿಗೆ ಯಾರಾದರೂ ಬಹಳ ದಿನ ಬರದಿದ್ದರೆ ಆಫೀಸಿನ ಜಯಶೀಲಾ ಮೇಡಂ ಅಂಥವರ ಪೋಷಕರಿಗೆ ಫೋನ್ ಮಾಡುತ್ತಾರೆ. ಆದರೆ ನಮ್ಮಲ್ಲಿ ಅರ್ಧ ಜನರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಅವರೇ ಮೊದಲು. ಕೆಲವರ ಮನೆಯಲ್ಲಿ ಫೋನಿಲ್ಲ. ಇದ್ದರೂ ‘ಕಾಲೇಜಿಂದ’ ಎಂದ ಕೂಡಲೇ ಅಪ್ಪ ಅಮ್ಮಂದಿರು ಹೆದರಿ, ಫೋನನ್ನು ಪಕ್ಕದ ಮನೆಯವರ ಕೈಗೆ ಕೊಟ್ಟುಬಿಡುತ್ತಾರೆ. ಈ ಲೋಕಕಷ್ಟವನ್ನು ನೋಡಲಾರದೆ ನಾನು ಕ್ಯಾಂಟೀನಿನಲ್ಲಿ ‘ಪೋಷಕ ಸೇವಾ ಕೇಂದ್ರ’ ಸ್ಥಾಪಿಸಿದ್ದೆ. ಅಡ್ಮಿಷನ್ ಫಾರಮ್ಮಿನಲ್ಲಿ ನನ್ನ ಎರಡನೇ ಸಿಮ್ಮಿನ ನಂಬರ್ ಬರೆಯಬೇಕು, ಫೋನ್ ಬಂದಾಗ ನಾನು ಅಪ್ಪನಾಗಬೇಕು. ಶುಲ್ಕ, ಕರೆಯೊಂದಕ್ಕೆ ಒಂದು ಪ್ಲೇಟ್ ಮಿರ್ಚಿ.

ಇವತ್ತು ಬೆಳಿಗ್ಗೆ ಮೇಡಂ ಒಂದರ ಹಿಂದೊಂದು ನಾಲ್ಕು ಅಪ್ಪಂದಿರಿಗೆ ಫೋನ್ ಮಾಡಿದರು. ನಾಲ್ಕನೆಯ ಅಪ್ಪ ಆಫೀಸಿನ ಕಿಟಕಿಯ ಹೊರಗೇ ನಿಂತು ಮಾತಾಡುತ್ತಿದ್ದದ್ದು ಸಣ್ಣದೊಂದು ತಾಂತ್ರಿಕ ದೋಷ.

“ಏನಪ್ಪ ಜುಂಜೇಶ,” ಎಂದರು ಕಿಟಕಿಯಿಂದ ತಲೆ ಹಾಕಿ. “ಹಿರಿಯೂರಿನಾಗೂ ನೀನೇ ಅಪ್ಪ, ಹೊಸದುರ್ಗದಾಗೂ ನೀನೇ ಅಪ್ಪ. ದನಿ ಬ್ಯಾರೆ ಬ್ಯಾರೆ ಮಾಡ್ತೀಯ, ಒಪ್ಕಂತೀನಿ. ಆದ್ರೆ ಎಲ್ಲಾ ಅಪ್ಪಂದ್ರಿಗೂ ಒಂದೇ ಕೆಮ್ಮು ಹೆಂಗೋ ಬಂತು?”

ಕಲಾವಿದನೊಬ್ಬನಿಗೆ ಇದಕ್ಕಿಂತ ದೊಡ್ಡ ಅವಮಾನ ಆಗಲಿಕ್ಕಿಲ್ಲ.

ಪ್ರಿನ್ಸಿಪಾಲ್ ರೇವಣಸಿದ್ದಪ್ಪನವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿ, “ಇಷ್ಟ್ ದಿನ ಅರ್ಧಂಬರ್ಧ ಅಪ್ಪ ಆಗಿದ್ದೆ. ಇನ್ನು ಪೂರ್ತಿ ಆಗು” ಎಂದರು. ತೀರ್ಪು ಹೀಗಿದೆ: ಸೆಮಿಸ್ಟರ್ ಮುಗಿಯುವವರೆಗೆ ನನ್ನ ‘ಮಕ್ಕಳ’ ಹಾಜರಿಗೆಲ್ಲ ನಾನೇ ಹೊಣೆ. ಶೇಕಡಾ ಎಪ್ಪತ್ತೈದು ತುಂಬದೆ ಅವರಲ್ಲಿ ಒಬ್ಬರಿಗೆ ಹಾಲ್ ಟಿಕೆಟ್ ತಪ್ಪಿದರೂ ನನ್ನ ಕೈಗೆ ಟಿ.ಸಿ. ಇಪ್ಪತ್ತೊಂಬತ್ತನೇ ತಾರೀಖಿನ ಪೋಷಕರ ಸಭೆಗೆ ಎಲ್ಲರ ನಿಜವಾದ ತಂದೆಯೋ ತಾಯಿಯೋ ಬಂದು ಕೂರಬೇಕು.

ಪಟ್ಟಿ ಕೊಡುವಾಗ ಜಯಶೀಲಾ ಮೇಡಂ, “ಹನ್ನೆರಡು ಫಾರಮ್ಮಿನಾಗೆ ಐತೆ ನೋಡು ನಿನ್ ನಂಬರು” ಎಂದರು.

ಹನ್ನೊಂದು. ಮೇಡಂಗೆ ಎಣಿಕೆ ಬರುವುದಿಲ್ಲ.

ನವೆಂಬರ್ 6, ಗುರುವಾರ

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನನ್ನ ಸಂತಾನದ ಪ್ರಥಮ ಮಹಾಧಿವೇಶನ. ಬಾಗೂರಿನ ಬಾಲರಾಜು, ಎರಡನೇ ವರ್ಷದವನು, ನನ್ನ ಹಿರಿಯ ಪುತ್ರ, ಎಲ್ಲರಿಗಿಂತ ಮೊದಲು ಎದ್ದು, “ಅಪ್ಪಾಜಿ, ತಿಂದಿರೋ ಮಿರ್ಚಿ ವಾಪಸ್ ಕೊಡ್ತೀಯಾ?” ಎಂದ. ಸಭೆಯಲ್ಲಿ ಗದ್ದಲ. ನಾಳೆಯಿಂದ ಒಂಬತ್ತೂವರೆಗೆ ಗೇಟಿನಲ್ಲಿ ನನ್ನ ಮುಂದೆ ಹಾಯದೆ ಯಾರೂ ಒಳಗೆ ಹೋಗಕೂಡದು ಎಂದು ಠರಾವು ಮಾಡಿದೆ. ಬೈದುಕೊಂಡು ಒಪ್ಪಿದರು.

ಹತ್ತು ಜನರದ್ದು ಎಪ್ಪತ್ತರ ಆಚೀಚೆ ಇದೆ. ಎಳೆದುಕೊಂಡು ಹೋಗಬಹುದು. ಹನ್ನೊಂದನೆಯದು ಶಾಲಿನಿ, ಮೊದಲನೇ ಬಿ.ಎ., ಬಿ ಸೆಕ್ಷನ್, ಹಿರಿಯೂರು ತಾಲೂಕಿನ ಆದಿವಾಲ. ಹಾಜರಿ, ಸೊನ್ನೆ. ಕಡಿಮೆಯಲ್ಲ, ಸೊನ್ನೆ.

ಈ ಮಗಳನ್ನು ನಾನು ನೋಡಿಯೇ ಇಲ್ಲ. ಬಾಲರಾಜು ತಲೆ ಕೆರೆದುಕೊಂಡ. “ಅಡ್ಮಿಷನ್ ಲೈನಿನಾಗೆ ನನ್ ಮುಂದೆ ಇದ್ಲು ಕಣಲೇ. ಫೋನ್ ನಂಬರ್ ಕಾಲಂ ಹತ್ರ ಪೆನ್ನು ಹಿಡ್ಕಂಡು ಅಳಾಂಗೆ ನಿಂತಿದ್ಲು. ಪಾಪ ಅಂತ ನಿನ್ನ ನಂಬರ್ ಹೇಳ್ದೆ.”

ಆಮೇಲೆ ನೆನಪಾಯಿತು. ಸೆಪ್ಟೆಂಬರಿನಲ್ಲಿ ಮೇಡಂ ಇವಳ ಬಗ್ಗೆ ಕೇಳಲು ಫೋನ್ ಮಾಡಿದ್ದರು. ನಾನು, “ಟೈಫಾಯ್ಡ್ ಆಗೈತೆ ಮೇಡಮ್ಮರೇ, ವಾಸಿ ಆದ್ಮ್ಯಾಲೆ ಕಳಿಸ್ತೀನಿ” ಎಂದು ಹೇಳಿ, ಕೆಮ್ಮಿ, ಇಟ್ಟೆ. ನನ್ನ ಅತ್ಯುತ್ತಮ ಅಭಿನಯಗಳಲ್ಲಿ ಅದೂ ಒಂದು. ಮೇಡಂ ಮತ್ತೆ ಫೋನ್ ಮಾಡಲಿಲ್ಲ.

ನವೆಂಬರ್ 8, ಶನಿವಾರ

ಕನಕ ಜಯಂತಿ ರಜೆ. ಹಿರಿಯೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಆದಿವಾಲದಲ್ಲಿ ಇಳಿದೆ. ಟೈಫಾಯ್ಡ್ ರೋಗಿ ಸೇವಂತಿಗೆ ತೋಟದಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಅಮ್ಮನ ಜೊತೆ ಕೂಲಿಗೆ ಹೂ ಬಿಡಿಸುತ್ತಿದ್ದಳು.

ಕಾಲೇಜಿನಿಂದ ಬಂದವನು ಎಂದು ಕೇಳಿದ ಕೂಡಲೇ ಅವಳ ತಾಯಿ ಕಾಟಮ್ಮ ಸೆರಗು ಸರಿ ಮಾಡಿಕೊಂಡು, ಬದುವಿನ ಮೇಲೆ ಗೋಣಿಚೀಲ ಹಾಸಿ, “ಕುಂತ್ಕಳ್ರಿ ಸ್ವಾಮಿ. ನಮ್ಮ ಹುಡುಗಿಯಿಂದ ಏನ್ ತಪ್ಪಾತು?” ಎಂದರು. ನನ್ನನ್ನು ಮೇಷ್ಟ್ರೆಂದು ತಿಳಿದಿದ್ದರು. ಇಂಥ ಅವಕಾಶವನ್ನು ನಾನು ಬಿಟ್ಟವನಲ್ಲ. ಗಂಟಲು ಸರಿ ಮಾಡಿಕೊಂಡು, “ನೋಡಮ್ಮ, ಒಂದು ದಿನವೂ ಕಾಲೇಜಿಗೆ ಬಾರದ ವಿದ್ಯಾರ್ಥಿನಿ...” ಎಂದು ಶುರು ಮಾಡಿದೆ.

“ಬಂದಿದ್ದೆ ಸರ್,” ಎಂದಳು ಶಾಲಿನಿ. “ಎರಡು ತಿಂಗಳು ದಿನಾ ಬಂದಿದ್ದೆ.”

“ಯಾವ ರೂಮಿಗೆ?”

“ಹದಿನಾಲ್ಕು.”

ಹದಿನಾಲ್ಕು ಎ ಸೆಕ್ಷನ್ನಿನದು. ಬಿ ಸೆಕ್ಷನ್ ಕೂರುವುದು ಮಹಡಿಯ ಮೇಲೆ, ಇಪ್ಪತ್ತೆರಡರಲ್ಲಿ. ಅಲ್ಲೂ ಅದೇ ಪಾಠ, ಮೇಷ್ಟ್ರು ಮಾತ್ರ ಬೇರೆ.

“ಹಾಜರಿ ಕೂಗುವಾಗ ನಿನ್ನ ನಂಬರ್ ಬರ್ತಿರ್ಲಿಲ್ವಲ್ಲ?”

“ಹೊಸಬ್ರುದ್ದು ಕಡೀಗೆ ಸೇರಿಸ್ತಾರೆ ಅನ್ಕಂಡಿದ್ದೆ.”

“ಯಾರನ್ನಾದ್ರೂ ಕೇಳಬಾರದಿತ್ತಾ?”

“ಯಾರನ್ನ ಕೇಳಾದು ಅಂತ ಗೊತ್ತಿರ್ಲಿಲ್ಲ ಸರ್.”

ಅಕ್ಟೋಬರಿನಲ್ಲಿ ನೋಟಿಸ್ ಬೋರ್ಡಿಗೆ ಹಾಜರಿ ಪಟ್ಟಿ ಹಾಕಿದಾಗ ತನ್ನ ಹೆಸರಿನ ಮುಂದೆ ಸೊನ್ನೆ ನೋಡಿ ಮನೆಗೆ ಬಂದವಳು ಮತ್ತೆ ಹೋಗಿಲ್ಲ. ಕಾಟಮ್ಮ ನಡುವೆ ಬಾಯಿ ಹಾಕಿದರು. “ಎರಡು ತಿಂಗಳು ಕುಂತ್ರೂ ಹೆಸರು ಕರೀಲಿಲ್ಲ ಅಂದ್ರೆ ನೀ ನಮಗೆ ಬ್ಯಾಡ ಅಂತ ತಾನೆ ಸ್ವಾಮಿ? ಬಾಯ್ಬಿಟ್ಟು ಹೇಳ್ಬೇಕಾ? ನಮಗೂ ಅಷ್ಟು ತಿಳಿತೈತೆ.”

ನಾನು ಏನೋ ಹೇಳಬೇಕೆಂದು, “ಹದಿನಾಲ್ಕಕ್ಕೆ ಹೋಗು ಅಂತ ಹೇಳಿದ್ದಾದ್ರೂ ಯಾರು?” ಎಂದೆ.

“ಮೊದಲ್ನೇ ದಿನ ಗೇಟ್ ತಾವ ಒಬ್ರು ಸರ್ ನಿಂತಿದ್ರು. ದಪ್ಪ ಮೀಸೆ. ಎದೆ ಮ್ಯಾಲೆ ಸ್ವಾಗತ ಸಮಿತಿ ಅಂತ ಬ್ಯಾಡ್ಜು. ‘ದಯಮಾಡಿಸಿ ತಾಯಿ, ತಮ್ಮ ಪಾದಸ್ಪರ್ಶಕ್ಕೆ ಹದಿನಾಲ್ಕನೇ ಕೊಠಡಿ ಕಾದಿದೆ’ ಅಂದ್ರು. ನನ್ನ ಯಾರೂ ಅಷ್ಟು ಮರ್ಯಾದೆಯಿಂದ ಮಾತಾಡ್ಸಿರ್ಲಿಲ್ಲ.”

ಕಾಟಮ್ಮ ಮಜ್ಜಿಗೆ ಕೊಟ್ಟರು. ಕುಡಿದೆ. ಸೋಮವಾರದಿಂದ ಕಳಿಸಿ ಎಂದೆ. ಬಸ್ಸು ಹತ್ತಿದೆ.

ನವೆಂಬರ್ 9, ಭಾನುವಾರ

ವಿಶೇಷವೇನೂ ಇಲ್ಲ.

ನವೆಂಬರ್ 10, ಸೋಮವಾರ

ಹಾಸ್ಟೆಲಿನ ಟ್ರಂಕು ಚೊಕ್ಕಟ ಮಾಡಿದೆ. ನಾಟಕದ ಮೀಸೆ ಒಂದು, ರಟ್ಟಿನ ಬ್ಯಾಡ್ಜು ಒಂದು.

ಕಾಲೇಜಿನ ಆ ಮೊದಲನೇ ದಿನ ನಾನು ಸುಮಾರು ಮೂವತ್ತು ಹೊಸಬರನ್ನು ಇಲ್ಲದ ರೂಮಿಗೆ, ಬೇರೆಯವರ ರೂಮಿಗೆ, ಇಬ್ಬರನ್ನು ಶೌಚಾಲಯಕ್ಕೆ ಕಳಿಸಿದ್ದೆ. ಹತ್ತು ನಿಮಿಷದಲ್ಲಿ ಎಲ್ಲರೂ ಬೈಯುತ್ತಾ ನಗುತ್ತಾ ವಾಪಸ್ ಬಂದಿದ್ದರು. ಎಲ್ಲರೂ ಬಂದರೆಂದೇ ನಾನು ಎಣಿಸಿದ್ದೆ.

ಶಾಲಿನಿ ಇವತ್ತು ಬಂದಳು. ಇಪ್ಪತ್ತೆರಡರ ಬಾಗಿಲವರೆಗೆ ನಾನೇ ಕರೆದುಕೊಂಡು ಹೋದೆ. ಒಳಗೆ ಹೋಗುವ ಮೊದಲು, “ಇದೇ ಹೌದಲ್ವಾ?” ಎಂದು ಮೂರು ಸಲ ಕೇಳಿದಳು.

ನವೆಂಬರ್ 11, ಮಂಗಳವಾರ

ಲೆಕ್ಕ ಹಾಕಿದೆ. ಸೆಮಿಸ್ಟರಿನ ಒಟ್ಟು ದಿನ ಎಂಬತ್ತನಾಲ್ಕು. ಅವಳು ಹದಿನಾಲ್ಕನೇ ರೂಮಿನಲ್ಲಿ ಕೂತಿದ್ದು ನಲವತ್ತೊಂದು ದಿನ. ನಿನ್ನೆಯಿಂದ ಕೊನೆಯ ದಿನ ಡಿಸೆಂಬರ್ ಐದರವರೆಗೆ ಇಪ್ಪತ್ತಮೂರು ದಿನ. ಆ ನಲವತ್ತೊಂದನ್ನು ಸೇರಿಸಿದರೆ ಎಪ್ಪತ್ತಾರು ಬರುತ್ತದೆ. ನಡುವೆ ಒಂದು ದಿನ ತಪ್ಪಿದರೆ ಸರಿಯಾಗಿ ಎಪ್ಪತ್ತೈದು. ಎರಡು ತಪ್ಪಿದರೆ ಇಲ್ಲ. ನಲವತ್ತೊಂದನ್ನು ಸೇರಿಸದೇ ಹೋದರೆ ಇಪ್ಪತ್ತೇಳು, ಮತ್ತೆ ಸೇವಂತಿಗೆ ತೋಟ.

ಪ್ರಿನ್ಸಿಪಾಲರು ಅರ್ಧ ಒಪ್ಪಿದರು. “ಕುಂತಿದ್ಲು ಅಂತ ಪಾಠ ಮಾಡಿದವರು ಬರ್ಕೊಡ್ಲಿ. ಪರಿಗಣಿಸ್ತೀನಿ.”

ಎ ಸೆಕ್ಷನ್ನಿಗೆ ಇತಿಹಾಸ ಮಾಡುವ ಕನಕರಾಜ್ ಸರ್ ಬಳಿ ಹೋದೆ. “ನೂರಿಪ್ಪತ್ತು ಜನ ಅವ್ರೆ ಕಣಯ್ಯ. ನಾನು ಮುಖ ನೋಡಲ್ಲ, ನಂಬರ್ ನೋಡ್ತೀನಿ. ಕಾಣದೇ ಇರೋದಕ್ಕೆ ಹೆಂಗ್ ಸಹಿ ಹಾಕ್ಲಿ?” ಎಂದರು. ನ್ಯಾಯವಾಗಿಯೇ ಹೇಳಿದರು. ಅದೇ ಕಷ್ಟ.

ಬಿಡುವುದಿಲ್ಲ.

ನವೆಂಬರ್ 14, ಶುಕ್ರವಾರ

ಸಿಕ್ಕಿತು! ಸಿಕ್ಕಿತು! ಶಾಸನ ಸಿಕ್ಕಿತು!

ಎ ಸೆಕ್ಷನ್ನಿನಲ್ಲಿ ಕೂತಿದ್ದಕ್ಕೆ ಏನಾದರೂ ಗುರುತು ಇದೆಯಾ ಎಂದು ಶಾಲಿನಿಯನ್ನು ಕೇಳಿದ್ದೆ. ಇವತ್ತು ನಾಲ್ಕು ನೋಟ್‌ಬುಕ್ ತಂದು ಕ್ಯಾಂಟೀನಿನ ಮೇಜಿನ ಮೇಲಿಟ್ಟಳು. ಮೊದಲನೆಯದನ್ನು ತೆಗೆದೆ. ಪುಟದ ಮೇಲೆ ತಾರೀಖು. ಕೆಳಗೆ ದುಂಡು ಅಕ್ಷರದಲ್ಲಿ:

‘ಆಗಸ್ಟ್ 26. ಸಿಂಧೂ ಕಣಿವೆಯ ಜನರು ಚರಂಡಿಗಳನ್ನು ಕಟ್ಟಿದ್ದರು. ಫ್ಯಾನ್ ಆಫ್ ಮಾಡ್ರೋ ಗಂಟಲು ಕಟ್ಟೈತೆ. ಚರಂಡಿಗೆ ಸುಟ್ಟ ಇಟ್ಟಿಗೆ ಬಳಸಿದ್ದರು. ಹಿಂದಿನ ಬೆಂಚಿನವನೇ, ಹಿಂಗೇ ಮಲಗಿದ್ರೆ ಮುಂದೊಂದಿನ ನಿನ್ನೂ ಅಗೆದು ತೆಗೀಬೇಕಾಗ್ತೈತೆ. ಎಲ್ಲರೂ ನಕ್ಕರು.’

‘ಸೆಪ್ಟೆಂಬರ್ 3. ಸರ್ ಚಪ್ಪಲಿ ಕಿತ್ತುಹೋಗಿದೆ. ಹರಪ್ಪದ ತೂಕದ ಕಲ್ಲುಗಳು.’

“ಇದನ್ನೆಲ್ಲ ಯಾಕೆ ಬರ್ಕಂಡೆ?” ಎಂದೆ.

“ಪರೀಕ್ಷೆಗೆ ಯಾವ್ದು ಬರ್ತೈತೆ ಅಂತ ಗೊತ್ತಿರ್ಲಿಲ್ಲ ಅಣ್ಣ. ಎಲ್ಲಾನೂ ಬರ್ಕಂಡೆ.” ನಾನು ಮೇಷ್ಟ್ರಲ್ಲ ಎಂದು ಈ ವಾರ ಗೊತ್ತಾಗಿ ‘ಸರ್’ ಹೋಗಿ ‘ಅಣ್ಣ’ ಬಂದಿದೆ.

ಬಾಲರಾಜು ಮೇಜು ಬಡಿದು ನಕ್ಕ. ನಾನೂ ನಗಬೇಕೆಂದು ಬಾಯಿ ತೆಗೆದೆ, ಯಾಕೋ ಆಗಲಿಲ್ಲ. ನೋಟ್‌ಬುಕ್ ಎತ್ತಿಕೊಂಡು ಸ್ಟಾಫ್ ರೂಮಿಗೆ ಓಡಿದೆ.

ಕನಕರಾಜ್ ಸರ್ ಮೊದಲು ಫ್ಯಾನಿನ ಸಾಲಿಗೆ ನಕ್ಕರು. ಚಪ್ಪಲಿಯ ಸಾಲಿಗೆ ತಮ್ಮ ಕಾಲು ನೋಡಿಕೊಂಡರು. ಪುಟ ತಿರುವುತ್ತಾ ಸೆಪ್ಟೆಂಬರ್ 19ಕ್ಕೆ ಬಂದು ನಿಂತರು. ನಾನು ಅವರ ಹೆಗಲ ಮೇಲಿನಿಂದ ಓದಿದೆ. ‘ಇವತ್ತು ಪಾಠ ಇಲ್ಲ. ಸರ್ ಕಿಟಕಿ ಕಡೆ ನೋಡುತ್ತ ನಿಂತಿದ್ದರು. ನಮ್ಮವ್ವ ಆಸ್ಪತ್ರೆಯಾಗೈತೆ ಕಣ್ರಪ್ಪ, ಮನಸ್ಸಿಲ್ಲ, ನಾಳೆ ಮಾಡಾಣ ಅಂದರು. ಅವ್ವ ಹುಷಾರಾಗಲಿ.’

ಆ ಪುಟದ ಮೂಲೆ ಮಡಚಿದರು. ಆಮೇಲೆ ಪೆನ್ನು ತೆಗೆದರು.

“ಇದ್ಲು ಕಣಯ್ಯ. ನಾನು ನೋಡಿಲ್ಲ ಅಷ್ಟೆ.”

ನವೆಂಬರ್ 18, ಮಂಗಳವಾರ

ಉಳಿದ ಮೂವರು ಮೇಷ್ಟ್ರುಗಳೂ ತಮ್ಮ ತಮ್ಮ ಬೈಗುಳಗಳನ್ನು ಅವಳ ಅಕ್ಷರದಲ್ಲಿ ಓದಿ ಸಹಿ ಮಾಡಿದರು. ಇಂಗ್ಲಿಷ್ ಮೇಡಂ ಒಂದು ಸಾಲು ಹೊಡೆದುಹಾಕು ಎಂದು ಬೇಡಿಕೊಂಡರು. ದಾಖಲೆ ತಿದ್ದುವಂತಿಲ್ಲ ಎಂದು ನಾನು ಗಂಭೀರವಾಗಿ ನಿರಾಕರಿಸಿದೆ.

ಗೆದ್ದೆ ಎಂದುಕೊಂಡು ಆಫೀಸಿಗೆ ಕೊಟ್ಟರೆ ಜಯಶೀಲಾ ಮೇಡಂ ಕೊನೆಯ ಹಾಳೆ ಕೇಳಿದರು. ತಪ್ಪು ರೂಮಿಗೆ ಹೋಗಿದ್ದು ಯಾಕೆ ಎಂಬುದಕ್ಕೆ ಬರಹದಲ್ಲಿ ಕಾರಣ ಬೇಕು. ಅವಳಾಗಿಯೇ ಹೋಗಿದ್ದರೆ ಅದು ಅವಳ ಬೇಜವಾಬ್ದಾರಿ, ನಲವತ್ತೊಂದು ದಿನವೂ ಇಲ್ಲ. ಬೇರೆ ಯಾರಾದರೂ ಕಳಿಸಿದ್ದರೆ ಯಾರೆಂದು ಹೆಸರು ಬೇಕು. ಶನಿವಾರ ಕೊನೆ.

“ಯಾರೋ ಬ್ಯಾಡ್ಜ್ ಹಾಕ್ಕಂಡವ್ನಂತೆ,” ಎಂದರು ಮೇಡಂ, ಫೈಲಿನಿಂದ ತಲೆ ಎತ್ತದೆ. “ನಮ್ ಕಾಲೇಜಿನಾಗೆ ಸ್ವಾಗತ ಸಮಿತಿ ಅಂತ ಒಂದು ಇರೋದೇ ನಂಗೆ ಗೊತ್ತಿಲ್ವಲ್ಲೋ ಜುಂಜೇಶ.”

ನನಗೂ ಗೊತ್ತಿಲ್ಲ ಎಂದೆ.

ನವೆಂಬರ್ 20, ಗುರುವಾರ

ಶಾಲಿನಿ ಬರಲಿಲ್ಲ. ಆದಿವಾಲದಲ್ಲಿ ಮೂರು ಬಸ್ಸು ನಿಲ್ಲಿಸದೆ ಹೋದವಂತೆ. ಇದ್ದ ಒಂದು ದಿನ ಮುಗಿಯಿತು. ಇನ್ನು ಒಂದೂ ತಪ್ಪುವಂತಿಲ್ಲ.

ಸಂಜೆ ಮತ್ತೆ ಅವಳ ಊರಿಗೆ ಹೋದೆ. ತೋಟದ ಹೂವನ್ನು ದಿನಾ ಮುಂಜಾನೆ ಹಿರಿಯೂರಿಗೆ ಒಯ್ಯುವ ಟೆಂಪೋದವನನ್ನು ಹಿಡಿದೆ. ಅವನ ಮುಂದೆ ನಾನು ವಿದ್ಯೆಯ ಮಹಿಮೆ ಕುರಿತು ಭಾಷಣ ಮಾಡಿದೆ. ಅವನು ಬೀಡಿ ಹಚ್ಚಿದ. ಕಾಟಮ್ಮ, “ಲೇ, ನಾಳೆಯಿಂದ ನನ್ ಮಗಳನ್ನ ಮುಂದಿನ ಸೀಟಿನಾಗೆ ಕುಂಡ್ರಿಸ್ಕಂಡು ಹೋಗು, ಇಲ್ಲಾಂದ್ರೆ ನಿನ್ ಗಾಡಿಗೆ ಹೂ ತುಂಬಲ್ಲ” ಎಂದರು. ಒಪ್ಪಿದ. ಇಡೀ ಭಾಷಣ ದಂಡ.

ನವೆಂಬರ್ 22, ಶನಿವಾರ

ಎಂಟು ಸಲ ಬರೆದೆ. ಮೊದಲ ಏಳರಲ್ಲಿ ಅಲಂಕಾರವಿತ್ತು. ಎಂಟನೆಯದು ಹೀಗಿದೆ.

‘ಕಾಲೇಜಿನ ಮೊದಲ ದಿನ ಮೀಸೆ ಅಂಟಿಸಿಕೊಂಡು, ಬ್ಯಾಡ್ಜ್ ಹಾಕಿಕೊಂಡು, ತಮಾಷೆಗೆ ಶಾಲಿನಿಯನ್ನು ತಪ್ಪು ರೂಮಿಗೆ ಕಳಿಸಿದವನು ನಾನು. ಸೆಪ್ಟೆಂಬರಿನಲ್ಲಿ ಅವಳ ತಂದೆಯೆಂದು ಫೋನಿನಲ್ಲಿ ಸುಳ್ಳು ಹೇಳಿದವನೂ ನಾನೇ. ಅವಳದ್ದು ಏನೂ ತಪ್ಪಿಲ್ಲ.’

ಮೀಸೆಯನ್ನೂ ಬ್ಯಾಡ್ಜನ್ನೂ ಅದರ ಮೇಲಿಟ್ಟು ಪ್ರಿನ್ಸಿಪಾಲರ ಮುಂದೆ ನಿಂತೆ.

ಓದಿದರು. ಮೀಸೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. “ಇದಕ್ಕೆ ಟಿ.ಸಿ. ಕೊಡಬೇಕು, ಗೊತ್ತೇನಯ್ಯ?”

“ಗೊತ್ತು ಸರ್.”

“ಡಿಸೆಂಬರ್ ಐದರ ತನಕ ಆ ಹುಡುಗಿ ದಿನಾ ಬರ್ಲಿ. ಆಮೇಲೆ ನಿನ್ನ ವಿಚಾರ.”

ಬಸ್ ಸ್ಟ್ಯಾಂಡಿನಲ್ಲಿ ಶಾಲಿನಿಗೂ ಹೇಳಿದೆ. ಹೇಳದೆ ಬಿಡಬಹುದಿತ್ತು, ಮೀಸೆ ಇಲ್ಲದ ಮುಖವನ್ನು ಅವಳು ಗುರುತು ಹಿಡಿದಿರಲಿಲ್ಲ.

“ನೀವಾ?” ಎಂದಳು.

“ನಾನೇ.”

ಹಿರಿಯೂರಿನ ಬಸ್ಸು ಬಂತು. ಹತ್ತಿದಳು. ಕಿಟಕಿ ಪಕ್ಕ ಕೂತು ನೇರ ಮುಂದೆ ನೋಡುತ್ತಿದ್ದಳು.

ನವೆಂಬರ್ 25, ಮಂಗಳವಾರ

ಬಂದಳು. ಮಾತಾಡಲಿಲ್ಲ.

ನವೆಂಬರ್ 27, ಗುರುವಾರ

ಬಂದಳು.

ನವೆಂಬರ್ 29, ಶನಿವಾರ

ಪೋಷಕರ ಸಭೆ. ಗೇಟಿನಲ್ಲಿ ಎಂಟೂವರೆಯಿಂದ ನಿಂತಿದ್ದೆ. ಬಾಲರಾಜುವಿನ ಅಪ್ಪ ಬಾಗೂರಿನಿಂದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಒಳಗೆ ಹೊರಟರು. ಮಗ, “ಗುಡಿ ಅಲ್ಲಪ್ಪೋ, ಹಾಕ್ಕಳ” ಎಂದ. ಭೀಮಸಮುದ್ರದ ತಾಯಿಯೊಬ್ಬರು ನನ್ನ ಹೆಸರು ಕೇಳಿ, “ನೀನೇ ಏನಪ್ಪ ನಮ್ಮನೆಯವ್ರು?” ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನ್ನ ಕೀರ್ತಿ ಊರು ದಾಟಿದೆ.

ಎಲ್ಲರಿಗಿಂತ ಕೊನೆಗೆ ಶಾಲಿನಿ, ಹಿಂದೆ ಕಾಟಮ್ಮ. ಶಾಲಿನಿ ನನ್ನ ಮುಂದೆ ನಿಂತಳು. ಒಂದು ವಾರದ ನಂತರ ಮೊದಲ ಸಲ ಬಾಯಿ ತೆರೆದಳು.

“ಸ್ವಾಗತ ಸಮಿತಿಯವರೇ, ನಮ್ಮವ್ವನ ಪಾದಸ್ಪರ್ಶಕ್ಕೆ ಯಾವ ಕೊಠಡಿ ಕಾದೈತೆ?”

ಮುಖದಲ್ಲಿ ಒಂದಿಷ್ಟೂ ನಗು ಇರಲಿಲ್ಲ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಹುಟ್ಟಿಲ್ಲ ಎಂದುಕೊಂಡಿದ್ದೆ.

ರೂಮು ತೋರಿಸಲಿಲ್ಲ. ಕಾಟಮ್ಮನವರ ಕೈ ಹಿಡಿದು ಮೆಟ್ಟಿಲು ಹತ್ತಿಸಿ, ಕುರ್ಚಿಯವರೆಗೂ ಹೋಗಿ, ಅವರು ಕೂತ ಮೇಲೆಯೇ ಕೈ ಬಿಟ್ಟೆ. ಪ್ರಿನ್ಸಿಪಾಲರು ಒಬ್ಬೊಬ್ಬರ ಮಕ್ಕಳ ಹೆಸರನ್ನೂ ಗಟ್ಟಿಯಾಗಿ ಕರೆದರು. ಶಾಲಿನಿಯ ಹೆಸರು ಬಂದಾಗ ಅವಳಿಗಿಂತ ಮೊದಲು ಕಾಟಮ್ಮ ಎದ್ದು ನಿಂತು, “ಅವ್ಳೆ ಸ್ವಾಮಿ, ಇಲ್ಲೇ ಅವ್ಳೆ” ಎಂದರು.

ನಾನು ಹಾಕಿಸಿದ್ದು ಹನ್ನೊಂದು ಕುರ್ಚಿ. ಜಯಶೀಲಾ ಮೇಡಂ ಯಾವಾಗಲೋ ಇನ್ನೊಂದನ್ನು ತಂದಿಟ್ಟಿದ್ದರು. ಅದು ಖಾಲಿ ಇತ್ತು. ಮೇಡಂ ನನ್ನ ಕಡೆ ನೋಡಿದರು.

ಹೊರಡುವಾಗ ಕಾಟಮ್ಮ ಸುತ್ತ ನೋಡಿ, “ನಿಮ್ಮಪ್ಪ ಎಲ್ಲಿ ಕುಂತವ್ರೆ? ಕಾಣ್ಲಿಲ್ಲ” ಎಂದರು.

ಬಸ್ಸಿಗೆ ಹೊತ್ತಾಯಿತು ಎಂದೆ.

ಡಿಸೆಂ‌ಬರ್ 5, ಶುಕ್ರವಾರ

ಸ್ವಸ್ತಿ ಶ್ರೀ! ಎಂಬತ್ತನಾಲ್ಕಕ್ಕೆ ಅರವತ್ತಮೂರು. ಶೇಕಡಾ ಎಪ್ಪತ್ತೈದು, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಲ್ ಟಿಕೆಟಿನ ಪಟ್ಟಿಯಲ್ಲಿ ಶಾಲಿನಿಯ ಹೆಸರಿದೆ. ಉಳಿದ ಹತ್ತು ಮಕ್ಕಳದ್ದೂ ಇದೆ. ಕ್ಯಾಂಟೀನಿನಲ್ಲಿ ಬಾಲರಾಜು ಎಲ್ಲರಿಗೂ ಮಿರ್ಚಿ ಹೇಳಿದ. ಶಾಲಿನಿ ತನ್ನ ಪ್ಲೇಟಿನಿಂದ ಒಂದನ್ನು ನನ್ನ ಪ್ಲೇಟಿಗೆ ಹಾಕಿ, “ತಗಳ್ರಿ ಅಣ್ಣ” ಎಂದಳು.

ನನ್ನ ಟಿ.ಸಿ. ಬರೆದಿಲ್ಲ. ಪ್ರಿನ್ಸಿಪಾಲರು ಮೀಸೆಯನ್ನು ತಮ್ಮ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದಾರೆ. ಬ್ಯಾಡ್ಜ್ ವಾಪಸ್ ಕೊಟ್ಟರು. ಮುಂದಿನ ವರ್ಷ ಹೊಸಬರು ಬರುವ ದಿನ, ನಾನು ಪಾಸಾಗಿ ಎಲ್ಲಿದ್ದರೂ ಸರಿ, ಬಂದು ಅದನ್ನು ಹಾಕಿಕೊಂಡು ಗೇಟಿನಲ್ಲಿ ನಿಲ್ಲಬೇಕಂತೆ. ಪ್ರತಿಯೊಬ್ಬರನ್ನೂ ಬೆಂಚಿನವರೆಗೆ ಮುಟ್ಟಿಸಬೇಕಂತೆ. ನಿಲ್ಲುತ್ತೇನೆ.

ಹನ್ನೊಂದು ಮಕ್ಕಳ ತಂದೆ ಜುಂಜೇಶನು ಈ ಪ್ರಕಾರ ತನ್ನ ಶಾಸನವನ್ನು ಮುಗಿಸಿದನು.

ಮುಗಿಸುವ ಮೊದಲು ಒಂದು ಸಣ್ಣ ತಿದ್ದುಪಡಿ. ಜಯಶೀಲಾ ಮೇಡಂಗೆ ಎಣಿಕೆ ಬರುತ್ತದೆ. ಫಾರಂಗಳು ಹನ್ನೆರಡು. ಹನ್ನೆರಡನೆಯದು ನನ್ನದು. ಅಪ್ಪ ಹೊಳಲ್ಕೆರೆಯ ಕಡೆ ಹತ್ತಿ ಮಿಲ್ಲಿನ ಧೂಳಿನಲ್ಲಿ ಮೂಟೆ ಹೊರುತ್ತಾನೆ. ಪೋಷಕರ ಸಭೆ ಎಂಬುದೊಂದು ಇದೆ ಎಂದು ಈ ಮೂರು ವರ್ಷದಲ್ಲಿ ಅವನಿಗೆ ನಾನು ಹೇಳಿಯೇ ಇಲ್ಲ.

ದನಿಗಳೆಲ್ಲ ನನ್ನವು. ಆ ಕೆಮ್ಮು ಅವನದು.